ಜಗ್ಗಿದರೆ ಬಾರದ ಪಟ್ಟಿ

ಬೆಳಗಿನ ಆರು ಗಂಟೆ. ಗ್ಯಾರೇಜಿನ ಶಟರ್ ಇನ್ನೂ ಅರ್ಧಕ್ಕೇ ನಿಂತಿದೆ. ಇಪ್ಪತ್ತೆರಡು ವರ್ಷದ ಹಳೇ ಕಾರಿನ ಹಿಂದಿನ ಸೀಟಿನಲ್ಲಿ ಹೆಂಗಸೊಬ್ಬರು ಮಂಡಿಯೂರಿ, ಸೀಟ್ ಬೆಲ್ಟ್ ಹೊರಬರುವ ಸಂದಿಗೆ ಕಿವಿಯಾನಿಸಿದ್ದಾರೆ, ಕೆಮ್ಮುವ ಮಗುವಿನ ಎದೆಗೆ ಕಿವಿ ಇಟ್ಟ ಹಾಗೆ. ಹೊರಗೆ ಕಾರಿನ ಯಜಮಾನರಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತ ತುಂಬು ಬಸುರಿ ಮಗಳನ್ನು ಒಂಬತ್ತಕ್ಕೆ ಆಸ್ಪತ್ರೆಗೆ ಸೇರಿಸಬೇಕು. ದಾರಿ ಎರಡು ಗಂಟೆಯದು. ವರ್ಷಗಟ್ಟಲೆ ಯಾರೂ ಮುಟ್ಟದ ಬೆಲ್ಟು ಒಂದು ಗೇಣೂ ಈಚೆ ಬರುತ್ತಿಲ್ಲ.

"ಬೆಲ್ಟಿಲ್ಲದಿದ್ರೂ ನಡೆಯುತ್ತೆ ಬಿಡಿ. ನಾನು ನಿಧಾನ ಓಡಿಸ್ತೀನಿ."

"ನೀವು ನಿಧಾನ ಓಡಿಸ್ತೀರಿ ಯಜಮಾನ್ರೇ. ಎದುರಿಗೆ ಬರೋನು?"

ಬೀದಿಗೆಲ್ಲ ಈ ಹೆಂಗಸು ಬೆಲ್ಟಕ್ಕ. ಮೊದಲು ಇದೇ ಗ್ಯಾರೇಜಿಗೆ ಸೀಟಿನ ಕವರ್ ಹೊಲಿದು ಕೊಡುತ್ತಿದ್ದವರು. ಗಂಡ ತೀರಿಕೊಂಡ ವರ್ಷ ಎರಡು ಹೆಣ್ಣುಮಕ್ಕಳ ಹೊಟ್ಟೆಗೆ ಆ ಹೊಲಿಗೆ ಸಾಲಲಿಲ್ಲ. ಹಳೇ ಕಾರಿನ ಬೆಲ್ಟು ಕೆಟ್ಟರೆ ಹೊಸದು ಸಿಗದು, ಮೆಕ್ಯಾನಿಕ್ಕುಗಳು ಕೈ ಚೆಲ್ಲುತ್ತಾರೆ. ಆ ರಿಪೇರಿ ಕಲಿಯಲೆಂದು ಗುಜರಿಯಿಂದ ಒಂದನ್ನು ತಂದು ಅಡುಗೆಮನೆಯಲ್ಲಿ ಬಿಚ್ಚಿ ಕೂತರು. ಒಳಗಿನ ಸ್ಪ್ರಿಂಗ್ ಚಿಮ್ಮಿ ಹುಬ್ಬು ಸೀಳಿತು. ಆ ಗೆರೆ ಈಗಲೂ ಇದೆ. "ಅದೇ ನನ್ನ ಸರ್ಟಿಫಿಕೇಟು" ಎಂದು ನಗುತ್ತಾರೆ.

ಹದಿನೆಂಟು ವರ್ಷದಿಂದ ದಿನಕ್ಕೆ ನಾಲ್ಕೈದು ಬೆಲ್ಟು. ಬೆಲ್ಟಕ್ಕ ಮೊದಲ ಹತ್ತು ನಿಮಿಷ ಸ್ಕ್ರೂಡ್ರೈವರ್ ಮುಟ್ಟುವುದೇ ಇಲ್ಲ. ಕಾರನ್ನು ಸಮತಟ್ಟಾದ ಕಡೆ ನಿಲ್ಲಿಸುತ್ತಾರೆ. ಇಳಿಜಾರಿನಲ್ಲಿ ನಿಂತದ್ದಕ್ಕೇ ಎಷ್ಟೋ ಬೆಲ್ಟು ಹಟ ಹಿಡಿದಿರುತ್ತದಂತೆ. ಪಟ್ಟಿ ತಿರುಚಿದೆಯೇ, ಜಿಡ್ಡು ಕೂತಿದೆಯೇ ಎಂದು ಬೆರಳಲ್ಲೇ ಓದುತ್ತಾರೆ. ಜಿಡ್ಡಿಗೆ ಉಗುರುಬೆಚ್ಚಗಿನ ಸೋಪಿನ ನೀರು. ಎಣ್ಣೆ ಎಂದರೆ ಕೆಂಡವಾಗುತ್ತಾರೆ, ಅದು ಧೂಳನ್ನೆಲ್ಲ ಹಿಡಿದಿಡುತ್ತದೆಂದು.

"ಎಲ್ರೂ ಸಿಟ್ಟಲ್ಲಿ ಜಗ್ತಾರೆ. ಜಗ್ಗಿದ್ರೆ ಹಿಡ್ಕೊಳ್ಳೋದೇ ಅದರ ಕೆಲಸ! ಸ್ವಲ್ಪ ಒಳಗೆ ಬಿಡಿ, ಮೆಲ್ಲಗೆ ಕರೀರಿ."

ಅಪಘಾತ ಕಂಡ ಬೆಲ್ಟು ಮಾತ್ರ ರಿಪೇರಿಗಿಲ್ಲ. ಅದನ್ನು ಹೊಲಿಗೆಯ ಕತ್ತರಿಯಿಂದ ಎರಡು ತುಂಡು ಮಾಡಿಬಿಡುತ್ತಾರೆ, ಯಾರೂ ಮತ್ತೆ ಹಾಕಿಕೊಳ್ಳದಿರಲೆಂದು. ಗಿರಾಕಿ ಕೂಗಾಡಿದರೂ ಅಷ್ಟೇ. "ಒಂದು ಸಲ ಜೀವ ಹಿಡಿದು ಸುಸ್ತಾಗಿರುತ್ತೆ. ಅದನ್ನ ಇನ್ನೊಂದು ಸಲ ಕೇಳಬಾರದು."

ಇವತ್ತಿನ ಬೆಲ್ಟು ಮೆಲ್ಲಗೆ ಕರೆದರೂ ಬರುವುದಿಲ್ಲ. ಒಳಗೇನೋ ಕಿರಗುಟ್ಟುತ್ತಿದೆ. ಬೆಲ್ಟಕ್ಕ ಬದಿಯ ಹಲಗೆ ಕಳಚಿ, ಸುರುಳಿಯ ಸಂದಿಗೆ ಚಿಮಟ ಇಳಿಸುತ್ತಾರೆ. ಮೇಲೆ ಬಂದದ್ದು ಚಿಟ್ಟೆಯಾಕಾರದ ಕೆಂಪು ಕೂದಲ ಕ್ಲಿಪ್ಪು.

ಕುರ್ಚಿಯಲ್ಲಿ ಕೂತ ಮಗಳು ಕಿರುಚುತ್ತಾಳೆ: "ಅಪ್ಪಾ, ನಂದು! ಒಂದನೇ ಕ್ಲಾಸಲ್ಲಿ ಇದನ್ನ ಕಳೆದೆ ಅಂತ ಅಮ್ಮ ಎಷ್ಟು ಬೈದಿದ್ಲು!"

"ಅಂದ್ರೆ ಕಳ್ಳ ನಮ್ಮ ಕಾರೇ" ಎಂದು ಅಪ್ಪ ಕ್ಲಿಪ್ಪನ್ನು ಅಂಗಿಯ ತುದಿಯಿಂದ ಒರೆಸುತ್ತಾರೆ.

ಬೆಲ್ಟಕ್ಕ ಹಲಗೆ ಕೂರಿಸಿ ಮೂರು ಸಲ ರಪ್ಪನೆ ಜಗ್ಗುತ್ತಾರೆ. ಮೂರು ಸಲವೂ ಗಟ್ಟಿಯಾಗಿ ಹಿಡಿಯುತ್ತದೆ. ಮೆಲ್ಲಗೆ ಎಳೆದರೆ ನೀರಿನ ಹಾಗೆ ಬರುತ್ತದೆ. ಆಮೇಲೆ ಮಗಳನ್ನು ಕೂರಿಸಿ, "ಹೊಟ್ಟೆ ಮೇಲಲ್ಲ ಕಣಮ್ಮ, ಕೆಳಗೆ" ಎಂದು ಪಟ್ಟಿಯನ್ನು ತಾವೇ ಸರಿಪಡಿಸುತ್ತಾರೆ. ಟಕ್. ಗಡಿಯಾರದಲ್ಲಿ ಆರೂಮುಕ್ಕಾಲು.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಬೆಲ್ಟಕ್ಕ ಶಟರಿನ ಕೆಳಗೇ ನಿಂತಿರುತ್ತಾರೆ. ಇನ್ನೇನಾದರೂ ಆಸೆಯಿದೆಯೇ ಎಂದು ಯಾರಾದರೂ ಕೇಳಿದರೆ, ಕೈ ಸೆರಗಿಗೆ ಒರೆಸಿಕೊಂಡು ಹೇಳುತ್ತಾರೆ:

"ನಾನು ಸರಿಮಾಡಿದ ಬೆಲ್ಟು ಯಾರ ಕೆಲಸಕ್ಕೂ ಬರದೇ ಇರಲಿ. ಟಕ್ ಅಂತ ಹಾಕ್ಕೊಂಡು, ಟಕ್ ಅಂತ ಬಿಚ್ಚಿ, ಎಲ್ರೂ ಇಳಿದು ಮನೆಗೆ ಹೋಗಲಿ."