ಅವ್ವನ ಗಟ್ಟಿ ಹಲ್ಲು

ಹಲ್ಲಿನ ಡಾಕ್ಟರ ಕೈಕೆಳಗೆ ಕೆಲಸವೆಂದರೆ ನಮ್ಮ ಕಮಲಾಪುರದವರು ಏನೋ ದೊಡ್ಡ ಹುದ್ದೆ ಎಂದುಕೊಂಡಿದ್ದರು. ಏನು ದೊಡ್ಡದು, ಮಣ್ಣು! ಇಕ್ಕಳ ಕುದಿಸುವುದು, ರಕ್ತದ ಬೋಗುಣಿ ಚೆಲ್ಲುವುದು, ರೋಗಿಗಳಿಂದ ಒದೆಸಿಕೊಳ್ಳುವುದು. ಕಲಬುರಗಿಯ ಗಾಜಿಪುರದ ಆ ದವಾಖಾನೆಯಲ್ಲಿ ಮೂರು ವರ್ಷ ಇದನ್ನೆಲ್ಲ ನಾನು ಸಹಿಸಿದ್ದು ಒಂದೇ ಒಂದು ಚೀಟಿಗಾಗಿ. ಡಾಕ್ಟರ್ ಸಾಹೇಬರು ಶಿಫಾರಸು ಬರೆದುಕೊಟ್ಟರೆ ಹೈದರಾಬಾದಿಗೆ ಹೋಗಿ ಹಲ್ಲಿನ ವೈದ್ಯ ಕಲಿತು ಸರಕಾರಿ ಸನದು ಪತ್ರ ಪಡೆಯಬಹುದಿತ್ತು. ನಿಜಾಮರ ರಾಜ್ಯದಲ್ಲಿ ಉರ್ದು ಬಾರದವನಿಗೆ ಸನದೆಲ್ಲಿ? ಮೀಸೆ ಬಂದ ಮೇಲೆ ಅಲಿಫ್ ಬೇ ತಿದ್ದಿದೆ.

ಸಾಹೇಬರಿಗೆ ಬಡವರ ಬಾಯಿವಾಸನೆ ಆಗಿಬರುತ್ತಿರಲಿಲ್ಲ. ಕುರ್ಚಿಯ ಹಿಂದೆ ನಿಂತು, ರೋಗಿಯ ತಲೆಯನ್ನು ಎದೆಗೆ ಒತ್ತಿ ಹಿಡಿದು ಕೀಳುವುದಷ್ಟೇ ಅವರ ಕೆಲಸ. ಎದುರು ಕೂತು, ಬಾಯೊಳಗೆ ಇಣುಕಿ, ಯಾವ ಹಲ್ಲೆಂದು ಹೇಳುವವನು ನಾನು. ರೋಗಿಯ ಬಲಗಡೆ ನನ್ನ ಎಡಗೈ ಕಡೆಗೆ ಬರುತ್ತದೆ. ಹೇಳುವಾಗ ನನ್ನ ಕೈ ಮರೆತು ರೋಗಿಯ ಕೈಯನ್ನೇ ನೆನೆಯಬೇಕು. ಒಮ್ಮೆಯೂ ತಪ್ಪಿರಲಿಲ್ಲ.

ಚೀಟಿ ಬರೆಯಬೇಕಾದ ವಾರವೇ ಅವ್ವ ಹಲ್ಲುಬೇನೆ ತಾಳಲಾರದೆ ಎತ್ತಿನ ಗಾಡಿಯಲ್ಲಿ ಬಂದಳು. ಬಲಗಡೆಯ ದವಡೆ ಹಲ್ಲು ಪೂರ್ತಿ ಕೊಳೆತಿತ್ತು. ಅವಳ ಕಣ್ಣೀರು ನೋಡಿ ನನಗೆ ದಿಕ್ಕೇ ತಪ್ಪಿತು. "ಎಡ" ಎಂದುಬಿಟ್ಟೆ. ಬೋಗುಣಿಗೆ ಬಿದ್ದದ್ದು ಬೆಳ್ಳಗಿನ, ಗಟ್ಟಿ ಹಲ್ಲು.

"ಅಂಧಾ ಹೈ ಕ್ಯಾ? ಚಲೋ ಹಲ್ಲು ಕೀಳಿಸ್ದಿ! ನಿನಗ ನಾ ಚೀಟಿ ಬರದು ಕೊಡಬೇಕೇನು?" ಎಂದು ಸಾಹೇಬರು ಕಿರುಚಿದರು.

ಅವ್ವ ರಕ್ತ ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇಲ್ರೀ ಸಾಹೇಬ್ರ, ಅದೇ ಹಲ್ಲು ಬ್ಯಾನಿ ಆಗಿತ್ರೀ. ಈಗ ಹಗುರಾತು. ನನ್ನ ಮಗಂದೇನೂ ತಪ್ಪಿಲ್ರೀ."

ಸಾಹೇಬರು ತಣ್ಣಗಾದರು. "ಸುಳ್ಳು ಹೇಳ್ತಾಳರೀ, ಬಲಗಡೆದು ಕೀಳ್ರಿ" ಎಂದು ನಾನು ಅನ್ನಬಹುದಿತ್ತು. ಅನ್ನಲಿಲ್ಲ. ಥೂ, ಆ ಹೊತ್ತಿನಲ್ಲೂ ನನಗೆ ಚೀಟಿಯದೇ ಚಿಂತೆ! ಕೊಳೆತ ಹಲ್ಲನ್ನು ಬಾಯಲ್ಲೇ ಇಟ್ಟುಕೊಂಡು ಅವ್ವ ಅದೇ ಗಾಡಿ ಹತ್ತಿದಳು. ಎರಡು ದಿನಕ್ಕೆ ಚೀಟಿ ನನ್ನ ಕೈಸೇರಿತು.

ಎರಡು ವರ್ಷದ ಮೇಲೆ ಸನದು ಹಿಡಿದು ಕಮಲಾಪುರಕ್ಕೆ ಹೋದೆ. ಚೀಲ ಇಳಿಸಿದವನೇ, "ಅವ್ವಾ, ಬಾಯಿ ತೆರಿ, ಆ ಹಲ್ಲು ನಾ ತೆಗೀತೀನಿ" ಎಂದೆ.

"ಅದು ತಾನೇ ಉದುರಿ ಆರು ತಿಂಗಳಾತಪ್ಪ" ಎಂದಳು. "ನೀ ಉಣ್ಣಾಕ ಕೂಡು."

ಒಂದೂವರೆ ವರ್ಷ ಅವಳು ಆ ಬೇನೆ ತಿಂದಿದ್ದಳು. ಅಷ್ಟು ದಿನವೂ ನಾನು ಹೈದರಾಬಾದಿನಲ್ಲಿ, ನೋವಾಗದಂತೆ ಹಲ್ಲು ಕೀಳುವುದನ್ನು ಕಲಿಯುತ್ತಿದ್ದೆ.