ತಿಮ್ಮಿ ಹಂಚಿದ ಮೊಡವೆ ಗುಳಿಗೆ

ಮಾವಿನಕುರ್ವೆಯ ಮೀನು ಮಾರುವ ತಿಮ್ಮಿಯ ಮನೆಗೆ ಏನೇ ಬರಲಿ, ಅದರಲ್ಲೊಂದು ಪಾಲು ಬೇಲಿಯಾಚೆಗೆ ಹೋಗಲೇಬೇಕು. ಗಂಡ ಮಾಬ್ಲ ಬೋಟಿನಿಂದ ತಂದ ಬಂಗಡೆಯಾಗಲಿ, ತವರಿನ ಹಲಸಿನಹಣ್ಣಾಗಲಿ, ಪಕ್ಕದವರಿಗೆ ಕೊಡದೆ ಅವಳ ಒಲೆ ಉರಿಯುವುದಿಲ್ಲ. ಕೊಟ್ಟ ಪಾಲನ್ನು ಬೇಡ ಎನ್ನುವುದೆಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ತಾರ್ಲೆ ಮೀನು ಬೇಡವೆಂದ ತಪ್ಪಿಗೆ ಸ್ವಂತ ಓರಗಿತ್ತಿಯೊಡನೆ ಎರಡು ಮಳೆಗಾಲ ಮಾತು ಬಿಟ್ಟ ಹೆಂಗಸು ಅವಳು.

ಕಾಲೇಜಿಗೆ ಹೋಗುವ ಮಗಳು ರಂಜಿತಾಳ ಮುಖದ ತುಂಬ ಕೀವುಗಟ್ಟಿದ ಮೊಡವೆ. ಅರಿಶಿನ, ಕಡಲೆಹಿಟ್ಟು, ಟಿವಿಯವರ ಕ್ರೀಮು ಯಾವುದಕ್ಕೂ ಅದು ಬಗ್ಗದಾಗ, ಬೇಸಿಗೆಯಲ್ಲಿ ಹೊನ್ನಾವರದ ಚರ್ಮದ ಡಾಕ್ಟರಮ್ಮನಿಗೆ ತೋರಿಸಿದ್ದಾಯಿತು. ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟು, ಬೇರೆ ಯಾರಿಗೂ ಇದನ್ನು ಕೊಡಬಾರದು, ತಿಂಗಳು ತಿಂಗಳು ಬಂದು ತೋರಿಸಬೇಕು ಎಂದಿದ್ದರು. ಹುಡುಗಿಯನ್ನು ಒಬ್ಬಳೇ ಕೂರಿಸಿಕೊಂಡು ಇನ್ನೂ ಏನೇನೋ ಹೇಳಿದ್ದರು. ರಂಜಿತಾ ನಾಚಿಕೊಂಡು ಅದನ್ನು ತಾಯಿಗೆ ಹೇಳಲಿಲ್ಲ. ಇನ್ನು ‘ಕೊಡಬಾರದು’ ಎಂಬ ಮಾತು ತಿಮ್ಮಿಯ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು.

ಮಗಳ ಮುಖ ತಿಳಿಯಾಗುತ್ತ ಬಂದಂತೆ ತಿಮ್ಮಿಯ ಕಣ್ಣು ಪಕ್ಕದ ಮನೆ ಲಕ್ಷ್ಮಿಯ ಸೊಸೆ ಸುಚಿತಾಳ ಮೇಲೆ ಬಿತ್ತು. ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಿಲ್ಲ, ಮೇಲಿಂದ ಕೆನ್ನೆ ತುಂಬ ಮೊಡವೆ. ಪಾಪ ಅನ್ನಿಸಿತು. ಹಳೆ ಚೀಟಿ ತೋರಿಸಿದರೆ ಮೆಡಿಕಲ್ಲಿನವನು ಗುಳಿಗೆ ಕೊಡುತ್ತಿದ್ದ. ಡಾಕ್ಟರಮ್ಮನ ಹತ್ತಿರ ಹೋಗುವ ರಗಳೆಯೂ ಇಲ್ಲ. ರಂಜಿತಾ ದಿನ ಬಿಟ್ಟು ದಿನ ತಿನ್ನತೊಡಗಿದಳು. ಉಳಿದದ್ದು ಕಾಗದದಲ್ಲಿ ಮಡಚಿ, ಮೀನಿನ ಪಾಲಿನ ಜೊತೆಗೆ ವಾರವಾರವೂ ಬೇಲಿ ದಾಟುತ್ತಿತ್ತು.

ದೀಪಾವಳಿ ಕಳೆದ ಮೇಲೆ ರಂಜಿತಾಳ ಮೊಡವೆ ಮತ್ತೆ ಎದ್ದಿತು. ಮತ್ತೆ ಹೊನ್ನಾವರಕ್ಕೆ ಹೋದರು. ಇಷ್ಟು ದಿನ ತಿಂದರೂ ಯಾಕೆ ಹೀಗೆ ಎಂದು ಡಾಕ್ಟರಮ್ಮ ಕೇಳಿದಾಗ ತಿಮ್ಮಿ ಹಂಚಿದ ಕತೆಯನ್ನು ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರಮ್ಮನ ಮುಖ ಬಿಗಿಯಿತು. ಆ ಹುಡುಗಿಗೆ ಮದುವೆ ಆಗಿದೆಯೇ ಎಂದು ಕೇಳಿದರು. ತಿಮ್ಮಿ ಹೌದೆಂದಳು.

"ಬಸುರಿ ಹೊಟ್ಟೆಗೆ ಈ ಗುಳಿಗೆ ಹೋದ್ರೆ ಮಗುವಿನ ಮಿದುಳು, ಹೃದಯ ಎಲ್ಲ ಊನ ಆಗ್ಬಹುದು. ಬಿಟ್ಟು ಒಂದು ತಿಂಗಳಾದ್ರೂ ಕಳೀದೆ ಬಸುರಿ ಆಗ್ಲೇಬಾರ್ದು. ನಾಳೆನೇ ಅವಳನ್ನ ಕರ್ಕೊಂಡು ಬನ್ನಿ."

ತಿಮ್ಮಿ ಸೀದಾ ಊರಿಗೆ ಹೊರಟಳು. ಹೊಳೆ ದಾಟಿ ಊರು ಸೇರುವವರೆಗೂ ಮನಸ್ಸು ಒಂದೇ ಕಡೆ ಗಿರಕಿ ಹೊಡೆಯಿತು. ನಾಲ್ಕು ವರ್ಷ ಹರಕೆ ಹೊತ್ತ ಮನೆ ಅದು. ಇಷ್ಟು ದಿನ ನಿಲ್ಲದ ಬಸುರು ಈಗೆಲ್ಲಿ ನಿಂತೀತು, ಸುಮ್ಮನೆ ಗುಳಿಗೆ ಕೊಡುವುದನ್ನು ನಿಲ್ಲಿಸಿಬಿಟ್ಟರಾಯಿತು, ಹೇಳಿ ಯಾಕೆ ರಾದ್ಧಾಂತ ಮಾಡಿಕೊಳ್ಳಲಿ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಬೇಲಿಯ ಹತ್ತಿರ ಲಕ್ಷ್ಮಿ ಕಾಯುತ್ತ ನಿಂತಿದ್ದಳು. ಕೈಯಲ್ಲಿ ಮುಚ್ಚಿದ ತಪ್ಪಲೆ, ಮುಖದ ತುಂಬ ನಗು.

"ಪಾಯಸ ಮಾಡಿದ್ದೆ. ನಿನ್ ಪಾಲು ಇದು. ಸುಚಿತಾಗೆ ನಿಂತದೆ ತಿಮ್ಮಿ."

ತಪ್ಪಲೆ ಬಿಸಿಯಾಗಿತ್ತು. ತಿಮ್ಮಿಗೆ ಅದು ಗೊತ್ತಾಗಲೂ ಇಲ್ಲ. ಸೊಸೆ ಎಲ್ಲಿ ಎಂದಷ್ಟೇ ಕೇಳಿ, ತಪ್ಪಲೆ ಹಿಡಿದುಕೊಂಡೇ ಅವರ ಮನೆಯೊಳಗೆ ನಡೆದಳು. ಲಕ್ಷ್ಮಿ ಗಾಬರಿಯಾಗಿ ಹಿಂದೆಯೇ ಬಂದಳು. ಸುಚಿತಾ ಅಡುಗೆಮನೆಯಲ್ಲಿ ತೆಂಗಿನಕಾಯಿ ಹೆರೆಯುತ್ತಿದ್ದಳು. ಅವಳೆದುರು ಕುಕ್ಕರುಗಾಲಿನಲ್ಲಿ ಕೂತು ತಿಮ್ಮಿ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ತಪ್ಪೆಲ್ಲ ತನ್ನದೇ ಎಂದಳು. ಲಕ್ಷ್ಮಿ ಸೊಸೆಯ ಪಕ್ಕಕ್ಕೆ ಬಂದು ಕೂತಳು.

ಸುಚಿತಾ ಎದ್ದು ಒಳಕೋಣೆಗೆ ಹೋದಳು. ಬಾಗಿಲ ಹಿಂದೆ ಅಳುತ್ತಿದ್ದಾಳೋ ಏನೋ ಎಂದು ತಿಮ್ಮಿ ಕಿವಿಗೊಟ್ಟಳು. ಅವಳು ತಿರುಗಿ ಬಂದಾಗ ಕೈಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ತಿಮ್ಮಿ ಮಡಚಿಕೊಟ್ಟ ಕಾಗದದ ಪೊಟ್ಟಣಗಳು, ಒಂದರ ಮೇಲೊಂದು, ಬಿಚ್ಚದೆ ಹಾಗೇ ಇದ್ದವು.

"ಆಷಾಢದಲ್ಲಿ ಒಂದ್ ವಾರ ತಿಂದೆ ತಿಮ್ಮಕ್ಕ. ತುಟಿ ಒಡ್ದು ರಕ್ತ ಬಂತು, ಬಿಟ್ಟೆ. ಆಮೇಲೆ ಒಂದೂ ಮುಟ್ಟಲಿಲ್ಲ."

"ನಂಗೆ ಎಂತಕೆ ಹೇಳ್ಲಿಲ್ಲ?"

"ಬೇಡ ಅಂದ್ರೆ ನೀವು ಮಾತು ಬಿಡ್ತ್ರಿ ಅಂತ ಹೆದ್ರಿಕೆ ಆತು."

ಆಷಾಢ ಕಳೆದು ತಿಂಗಳುಗಳೇ ಆಗಿದ್ದವು, ಬಸುರು ನಿಂತದ್ದು ಅದೆಷ್ಟೋ ಆಮೇಲೆ. ಆದರೂ ಬೆಳಿಗ್ಗೆ ಮೂವರೂ ಡಾಕ್ಟರಮ್ಮನ ಹತ್ತಿರ ಹೋಗುವುದೆಂದಾಯಿತು. ತಿಮ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು ಡಬ್ಬಿಗೆ ಕೈ ಚಾಚಿದಳು. ಕೊಟ್ಟ ಪಾಲನ್ನು ಅವಳು ವಾಪಸು ಕೇಳಿದ್ದು ಜನ್ಮದಲ್ಲಿ ಅದೇ ಮೊದಲು.