ಒಗೆಯಬಾರದಿದ್ದ ದುಪಟ್ಟಾ

ಶಮೀಮಕ್ಕ, ನೀನು ಹೊದೆಯುವ ಕೌದಿಯ ತಲೆದೆಸೆಗೆ ಇರುವ ವಾಸನೆ ನಿನ್ನ ಮಗಳದ್ದಲ್ಲ. ಅಂಗಡಿಯಿಂದ ತಂದ ಎಣ್ಣೆ, ಪೌಡರು — ನಾನು ಸವರಿದ್ದು. ಇಷ್ಟು ವರ್ಷ ನೀನು ಮುಖ ಒತ್ತಿ ಮಲಗಿದ್ದು ನನ್ನ ಸುಳ್ಳಿನ ಮೇಲೆ.

ಚೌಡಾಪುರದ ಕೌದಿ ಶಿಬಿರಕ್ಕೆ ನಾನು ಗಂಟು ಕಟ್ಟುತ್ತಿದ್ದ ದಿನ ನಿನಗೆ ನೆನಪಿರಬೇಕು. ನರೋಣಾದ ನಮ್ಮ ಪಡಸಾಲೆಯ ತುಂಬ ಹಳೆ ಸೀರೆ, ಧೋತರ, ಸೂಜಿ, ದಾರದ ಉಂಡೆ, ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಮದುವೆಗೆ ಹೊರಟವಳ ಹಾಗೆ ಮೆರೆಯುತ್ತಿದ್ದೆ. ನಿನ್ನ ಕೌದಿಯನ್ನೂ ಅಲ್ಲೇ ಎಲ್ಲರೂ ಕೂಡಿ ಹೊಲಿಯುತ್ತೇವೆ ಎಂದು ಹೇಳಿದವಳೂ ನಾನೇ. ನೀನು ನಿನ್ನ ಸೀರೆಗಳನ್ನು ಕೊಟ್ಟೆ. ಆಮೇಲೆ ಸೆರಗಿನ ಮರೆಯಿಂದ ಮುಬೀನಾಳ ಹಳದಿ ದುಪಟ್ಟಾ ತೆಗೆದೆ — ಜ್ವರ ಬಂದು ತೀರಿಹೋದ ಮಗಳು ಕೊನೆಯ ಸಲ ಹೊದ್ದದ್ದು.

"ಸೀರಿ ಬೇಕಾದ್ರ ಕುದಸು. ಇದನ್ನ ಮಾತ್ರ ಒಗಿಬ್ಯಾಡ ಬೇ. ಆಕಿ ವಾಸನಿ ಇನ್ನಾ ಅದ. ತಲಿ ಕಡಿ ಹಚ್ಚು."

"ಆಗ್ಲಿ ಬಿಡಕ್ಕಾ," ಅಂದೆ.

ಕೌದಿಯ ಬಟ್ಟೆಯನ್ನು ಸೋಡಾ ಹಾಕಿ ಕುದಿಸಿಯೇ ಹೊಲಿಯುವುದು ನಮ್ಮ ರೂಢಿ. ರೂಢಿಯ ಕೈ, ಮರೆತೆ — ಹೀಗೆಂದರೆ ಎಷ್ಟು ಸುಲಭ! ಮರೆತಿರಲಿಲ್ಲ. ಶಿಬಿರಕ್ಕೆ ಕಲಬುರಗಿಯ ಹೆಂಗಸರೂ ಬರುವವರಿದ್ದರು. ನನ್ನ ಗಂಟು ಬಿಚ್ಚಿದಾಗ ಬೆವರಿನ ನಾತ ಬಡಿದು ಅವರು ಮೂಗು ಮುರಿದರೆ? ನನ್ನ ಕೆಲಸ ಹಸನು ಎಂಬ ಹೆಸರು ನನಗೆ ಬೇಕಿತ್ತು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ದುಪಟ್ಟಾ ಹಾಕಿ ಕೋಲಿನಿಂದ ಒತ್ತಿದೆ.

ಶಿಬಿರದಲ್ಲಿ ಹೊಗಳಿದರು. ಬೆಂಕಿ ಬೀಳಲಿ ಆ ಹೊಗಳಿಕೆಗೆ.

ಬರುವಾಗ ಮಲ್ಲಿಗೆ ಎಣ್ಣೆ, ಪೌಡರು ಕೊಂಡು ಕೌದಿಯ ತಲೆದೆಸೆಗೆ ಸವರಿದೆ. ಹಬ್ಬಕ್ಕೆ ಮುಬೀನಾ ಹಚ್ಚಿಕೊಳ್ಳುತ್ತಿದ್ದದ್ದು ಅದೇ. ಎಷ್ಟೋ ಸಲ ಅವಳ ಜಡೆ ಹೆಣೆದವಳು ನಾನು. ಆ ಸಲಿಗೆಯನ್ನೂ ಮೋಸಕ್ಕೆ ಬಳಸಿದೆ. ನೀನು ಕೌದಿಯನ್ನು ಮುಖಕ್ಕೆ ಒತ್ತಿಕೊಂಡು, "ಇಲ್ಲೇ ಅದಾಳ ನೋಡು ನನ್ನ ಕೂಸು," ಎಂದು ಅತ್ತಾಗ ನಾನು — ನಾನೂ ಅತ್ತೆ. ಅದಕ್ಕಿಂತ ಹೊಲಸು ಕೆಲಸ ನಾನು ಮಾಡಿಲ್ಲ. ವಾಸನೆ ಕಡಿಮೆಯಾದಾಗೆಲ್ಲ, "ಬಿಸಲಿಗಿ ಹಾಕತೇನಿ, ಕೊಡಕ್ಕಾ," ಎಂದು ಒಯ್ದು ಮತ್ತೆ ಸವರಿ ಕೊಟ್ಟೆ. ನೀನು ನನಗೆ ದುವಾ ಮಾಡಿದೆ.

ಈಗ ಮತ್ತೆ ಶಿಬಿರ. ಮತ್ತೆ ಗಂಟು ಕಟ್ಟುತ್ತಿದ್ದೇನೆ. ನಿನ್ನೆ ನೀನು ಪೆಟ್ಟಿಗೆಯ ತಳದಲ್ಲಿದ್ದ ಮುಬೀನಾಳ ಕುರ್ತಾ ತಂದುಕೊಟ್ಟೆ. ಅವಳು ಬಿಚ್ಚಿಟ್ಟ ಮೇಲೆ ಯಾರೂ ಮುಟ್ಟದ ಬಟ್ಟೆ.

"ಇದ್ರಾಗ ಆಕಿ ವಾಸನಿ ಇಲ್ಲ ಬೇ. ಮೂಸಿ ನೋಡ್ದೆ. ಒಗದು ಹೊಸ ಕೌದಿಗಿ ಹಚ್ಚು."

ನೀನು ಹೋದ ಮೇಲೆ ನಾನೂ ಮೂಸಿದೆ. ಮಲ್ಲಿಗೆ ಇರಲಿಲ್ಲ. ಒಲೆಯ ಹೊಗೆ, ತುಸು ಬೆವರು, ಪೆಟ್ಟಿಗೆಯ ಮುಗ್ಗು — ಅದರ ನಡುವೆ ಅವಳೇ. ಹೆತ್ತವಳಿಗೇ ಮಗಳ ಗುರುತು ಸಿಗದ ಹಾಗೆ ಮಾಡಿದ್ದೇನೆ.

ಹಂಡೆಯ ಕೆಳಗಿನ ಬೆಂಕಿ ಆರಿಸಿದ್ದೇನೆ. ಕುರ್ತಾ ಹಿಡಿದುಕೊಂಡು ನಿನ್ನ ಮನೆಗೆ ಬರುತ್ತಿದ್ದೇನೆ. ಇದೇ ಅವಳದ್ದು, ಇನ್ನೊಮ್ಮೆ ಮೂಸು ಎನ್ನುತ್ತೇನೆ. ದುಪಟ್ಟಾ ಕುದಿಸಿದ್ದನ್ನೂ ಎಣ್ಣೆ ಸವರಿದ್ದನ್ನೂ ಹೇಳಿಬಿಡುತ್ತೇನೆ. ಆಮೇಲೆ ನೀನು ನನ್ನ ಮುಖ ನೋಡಬೇಡ.